ಪಿಎಚ್‌ಪಿ 8.3: ಜಿಟ್ ಆನ್ ಮಾಡಿದ್ರೂ ಸ್ಕ್ರಿಪ್ಟ್ ಒಂಚೂರೂ ಫಾಸ್ಟ್ ಆಗ್ತಿಲ್ಲ

ಅಕ್ಷರಹುಳ:
ಎಲ್ರಿಗೂ ನಮಸ್ಕಾರ. ಉಬುಂಟು 24.04, ಪಿಎಚ್‌ಪಿ 8.3. ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಓಸಿಆರ್‌ನಲ್ಲಿ (ಚಿತ್ರದಲ್ಲಿರೋ ಅಕ್ಷರ ಓದೋ ಸಾಫ್ಟ್‌ವೇರ್) ಬಂದ ಪದಗಳನ್ನ ನನ್ನ ಪದಪಟ್ಟಿ ಜೊತೆ ಹೋಲಿಸಿ ಹತ್ತಿರದ ಪದ ಹುಡುಕೋ ಸ್ಕ್ರಿಪ್ಟ್ ಬರ್ದಿದೀನಿ, ಟರ್ಮಿನಲ್‌ನಲ್ಲೇ ಓಡ್ಸೋದು. ಪಿಎಚ್‌ಪಿಯ ರೆಡಿಮೇಡ್ ಲೆವೆನ್‌ಶ್ಟೈನ್ (ಎರಡು ಪದಕ್ಕೆ ಎಷ್ಟು ವ್ಯತ್ಯಾಸ ಅಂತ ಎಣಿಸೋ ಫಂಕ್ಷನ್) ಬೈಟ್ ಲೆಕ್ಕ ಹಾಕತ್ತೆ, ಯುಟಿಎಫ್-8ನಲ್ಲಿ ನಮ್ಮ ಲ ಅನ್ನೋದಕ್ಕೇ 3 ಬೈಟು, ಹಂಗಾಗಿ ಲ ಇರೋ ಕಡೆ ಳ ಬಂದ್ರೆ ವ್ಯತ್ಯಾಸ 1 ಅನ್ನತ್ತೆ, ಲ ಬಿಟ್ಟೇ ಹೋದ್ರೆ 3 ಅನ್ನತ್ತೆ, ಇದಾಗಲ್ಲ ಅಂತ ನಾನೇ ಲೂಪ್ ಬರ್ಕೊಂಡೆ. 11 ನಿಮಿಷ ತಗೊಳತ್ತೆ. ಐಎನ್‌ಐ (ಸೆಟ್ಟಿಂಗ್ಸ್) ಫೈಲಲ್ಲಿ ಜಿಟ್‌ನ (ಓಡ್ತಿರುವಾಗಲೇ ಪಿಎಚ್‌ಪಿನ ಮೆಷಿನ್ ಕೋಡ್ ಮಾಡೋದು) ಟ್ರೇಸಿಂಗ್ ಅನ್ನೋ ಮೋಡ್‌ಗೆ ಇಟ್ಟು ಎಫ್‌ಪಿಎಂ (ವೆಬ್‌ಸೈಟ್‌ಗೆ ಪಿಎಚ್‌ಪಿ ಓಡ್ಸೋ ಸರ್ವಿಸ್) ರೀಸ್ಟಾರ್ಟ್ ಮಾಡ್ದೆ, ಅದೇ 11 ನಿಮಿಷ.

ಹಳೇಸರ್ವರ್:
ಗುರು, ಎಫ್‌ಪಿಎಂ ರೀಸ್ಟಾರ್ಟ್ ಮಾಡಿದ್ರೆ ಟರ್ಮಿನಲ್‌ಗೇನಾಗತ್ತೆ? ಉಬುಂಟುನಲ್ಲಿ ಎಫ್‌ಪಿಎಂಗೆ ಒಂದು ಐಎನ್‌ಐ, ಸಿಎಲ್‌ಐಗೆ (ಅಂದ್ರೆ ಟರ್ಮಿನಲ್‌ಗೆ) ಬೇರೇನೇ ಒಂದು. ಸಿಎಲ್‌ಐ ಫೋಲ್ಡರ್‌ದು ತೆಗೀರಿ. ಜಿಟ್ ಕೂತಿರೋದು ಆಪ್‌ಕ್ಯಾಶ್ (ಕಂಪೈಲ್ ಆದ ಸ್ಕ್ರಿಪ್ಟ್‌ನ ಮೆಮೊರಿಯಲ್ಲಿ ಇಟ್ಕೊಳ್ಳೋ ಭಾಗ) ಒಳಗೆ, ಸಿಎಲ್‌ಐಗೆ ಆಪ್‌ಕ್ಯಾಶ್ ತಾನಾಗೇ ಆನ್ ಇರಲ್ಲ, 'ಎನೇಬಲ್ ಸಿಎಲ್‌ಐ' 1 ಮಾಡ್ಬೇಕು. ಇನ್ನೊಂದು, 8.3ರಲ್ಲಿ ಜಿಟ್ ಬಫರ್ ಸೈಜ್ (ಮೆಷಿನ್ ಕೋಡ್ ಇಡೋಕೆ ಮೆಮೊರಿ ಜಾಗ) ಡೀಫಾಲ್ಟ್ 0, ಅಲ್ಲಿ 64ಎಂ ಹಾಕೋ ತನಕ ಟ್ರೇಸಿಂಗ್ ಅಂತ ಎಷ್ಟು ಬರೆದ್ರೂ ಏನೂ ಆಗಲ್ಲ. (8.4ರಲ್ಲಿ ಇದನ್ನ ತಿರುಗಿಸಿದಾರೆ, ಬಫರ್ 64ಎಂ ಇರತ್ತೆ ಆದ್ರೆ ಜಿಟ್ ಡಿಸೇಬಲ್, ಅಪ್‌ಗ್ರೇಡ್ ಮಾಡೋರು ನೋಡ್ಕೊಳ್ಳಿ.) ಆಮೇಲೆ ಸ್ಕ್ರಿಪ್ಟ್ ಒಳಗೇ ಆಪ್‌ಕ್ಯಾಶ್ ಸ್ಟೇಟಸ್ ಪ್ರಿಂಟ್ ಮಾಡಿ ಜಿಟ್ ಭಾಗ ಹಾಕಿ ಇಲ್ಲಿ.

ಅಕ್ಷರಹುಳ:
ಮಾಡ್ದೆ ಸರ್. ಈಗ ಸ್ಟಾರ್ಟ್ ಆಗ್ತಿದ್ದಂಗೇ ವಾರ್ನಿಂಗ್ ಬರ್ತಿದೆ, ಯಾವ್ದೋ ಥರ್ಡ್ ಪಾರ್ಟಿ ಎಕ್ಸ್‌ಟೆನ್ಶನ್ ಜೊತೆ ಹೊಂದಲ್ಲ, ಜಿಟ್ ಡಿಸೇಬಲ್ಡ್ ಅಂತೆ.

ಹಳೇಸರ್ವರ್:
ಎಕ್ಸ್‌ಡೀಬಗ್ (ಕೋಡ್ ನಿಲ್ಸಿ ತಪ್ಪು ಹುಡುಕೋ ಎಕ್ಸ್‌ಟೆನ್ಶನ್) ಇದೆ ಅಲ್ವಾ? ಅದೇ. ಎಂಜಿನ್ ಕೋಡ್ ಓಡ್ಸೋ ಜಾಗದಲ್ಲೇ ಅದು ಕೈ ಹಾಕತ್ತೆ, ಅದಿದ್ರೆ ಜಿಟ್ ತಾನೇ ಹಿಂದೆ ಸರಿಯತ್ತೆ. ಸಿಎಲ್‌ಐಗೆ ಮಾತ್ರ ತೆಗೀರಿ.

ಅಕ್ಷರಹುಳ:
ತೆಗ್ದೆ. ಸ್ಟೇಟಸ್‌ನಲ್ಲಿ ಎನೇಬಲ್ಡ್ ಟ್ರೂ, ಆನ್ ಟ್ರೂ, ಬಫರ್ ಫ್ರೀ ಕೂಡ ಕಮ್ಮಿಯಾಗ್ತಿದೆ ಅಂದ್ರೆ ಕೋಡ್ ಕಂಪೈಲ್ ಆಗ್ತಿದೆ. ಆದ್ರೆ 11ರಿಂದ 9 ನಿಮಿಷ ಅಷ್ಟೇ!!

ರಾತ್ರಿಪಾಳಿ:
ಮಧ್ಯ ಬಾಯಿ ಹಾಕ್ತೀನಿ, ಒಳಗಿನ ಲೂಪಲ್ಲಿ ಅಕ್ಷರ ಹೆಂಗೆ ತೆಗೀತಿದೀರ? ಎಂಬಿ ಸಬ್‌ಸ್ಟ್ರಿಂಗಾ (ಪದದಿಂದ ಇಷ್ಟನೇ ಅಕ್ಷರ ತೆಗೆದುಕೊಡೋ ಫಂಕ್ಷನ್)?

ಅಕ್ಷರಹುಳ:
ಹೌದು, ಪ್ರತಿ ಸುತ್ತಲ್ಲೂ ಎರಡು ಸಲ.

ರಾತ್ರಿಪಾಳಿ:
ಸಿಕ್ತಲ್ಲ. ಆ ಫಂಕ್ಷನ್ ಸಿಯಲ್ಲಿ ಬರ್ದಿರೋದು, ಮೊದಲೇ ಮೆಷಿನ್ ಕೋಡ್, ಜಿಟ್ ಅದರೊಳಗೆ ಏನೂ ಮಾಡೋಕಾಗಲ್ಲ, ನೀವು ಬರೆದ ಪಿಎಚ್‌ಪಿಯನ್ನ ಮಾತ್ರ ಅದು ಮೆಷಿನ್ ಕೋಡ್ ಮಾಡೋದು. ಏಳನೇ ಅಕ್ಷರ ಕೇಳಿದ್ರೆ ಅದು ಪ್ರತಿ ಸಲ ಮೊದಲಿಂದ ಎಣಿಸ್ಕೊಂಡು ಬರತ್ತೆ ಬೇರೆ. ಪದಾನ ಒಂದೇ ಸಲ ಎಂಬಿ ಸ್ಟ್ರಿಂಗ್ ಸ್ಪ್ಲಿಟ್ ಮಾಡಿ (ಅಕ್ಷರ ಅಕ್ಷರವಾಗಿ ಒಡೆದು), ಎಂಬಿ ಆರ್ಡ್ (ಅಕ್ಷರದ ಕೋಡ್ ನಂಬರ್ ಕೊಡೋದು) ಹಾಕಿ ನಂಬರ್ ಅರೇ ಮಾಡಿಟ್ಕೊಳ್ಳಿ, ಲೂಪಲ್ಲಿ ನಂಬರ್‌ಗೆ ನಂಬರ್ ಹೋಲಿಸಿ. ಅಂಥ ಪೂರ್ಣಾಂಕದ ಲೂಪ್ ಅಂದ್ರೆ ಜಿಟ್‌ಗೆ ಹಬ್ಬ.

ಬ್ಲಾಗಿಗ:
ಹಂಗಾದ್ರೆ ನನ್ನ ವರ್ಡ್‌ಪ್ರೆಸ್‌ಗೂ ಆನ್ ಮಾಡ್ಲಾ?

ಹಳೇಸರ್ವರ್:
ಅದು ಹೆಚ್ಚು ಹೊತ್ತು ಡೇಟಾಬೇಸ್ ಉತ್ತರಕ್ಕೆ ಕಾಯ್ತಾ ಕೂತಿರತ್ತೆ, ಲಾಭ ಕಾಣೋದು ಡೌಟು. ಬರೀ ಆಪ್‌ಕ್ಯಾಶ್ ಇದ್ರೆ ಸಾಕು.

ಅಕ್ಷರಹುಳ:
ನಂಬರ್ ಅರೇ ಮಾಡ್ದೆ, 1 ನಿಮಿಷ 50 ಸೆಕೆಂಡ್! ಜಿಟ್ ಆಫ್ ಮಾಡಿ ಅದನ್ನೇ ಓಡ್ಸಿದ್ರೆ 4 ನಿಮಿಷದ ಮೇಲೆ. ಇಬ್ರಿಗೂ ಥ್ಯಾಂಕ್ಸ್. ಎಕ್ಸ್‌ಡೀಬಗ್ ತೆಗೆದದ್ದು ಮರ್ತು ಬ್ರೇಕ್‌ಪಾಯಿಂಟ್ ಯಾಕೆ ನಿಲ್ತಿಲ್ಲ ಅಂತ ಈಗಷ್ಟೇ ಅರ್ಧ ಗಂಟೆ ತಲೆ ಕೆರ್ಕೊಂಡೆ.