ಬ್ಯಾನ್ಶೀಗೆ ಪೈಪ್ ಹಾಕಿದ ಮೇಲೆ ಎಡಗಡೆ ಪಿಸ್ಟನ್ ಎರಡು ಸಲ ಸೀಜ್ ಆಯಿತು

ಕೆಸರುಗಾಲಿ:
ಎಲ್ಲರಿಗೂ ನಮಸ್ಕಾರ. ನನ್ನದು ಯಮಹಾ ಬ್ಯಾನ್ಶೀ 350, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಇರುವ ನಾಲ್ಕು ಚಕ್ರದ ಎಟಿವಿ, 2001ರ ಗಾಡಿ. ತಗೊಂಡಾಗ ಎಂಜಿನ್‌ಗೆ ಯಾರೂ ಕೈ ಹಾಕಿರಲಿಲ್ಲ. ನಾನು ಹಾಕಿದ್ದು ಟೂಮಿ ಟಿ5 ಪೈಪ್ (ಸೈಲೆನ್ಸರ್ ಪೈಪ್), ಒಳ್ಳೆಯ ಫಿಲ್ಟರ್ (ಏರ್‌ಬಾಕ್ಸ್ ಮುಚ್ಚಳ ತೆಗೆದಿದ್ದೇನೆ), ಇಗ್ನಿಷನ್‌ಗೆ 4 ಡಿಗ್ರಿ ಅಡ್ವಾನ್ಸ್ ಪ್ಲೇಟ್ (ಕಿಡಿ ಅಷ್ಟು ಬೇಗ ಬರುವ ಹಾಗೆ). ಕಾರ್ಬೋರೇಟರ್ ಕಂಪನಿಯದೇ, 26 ಎಂಎಂ ಮಿಕುನಿ ಎರಡು. ಮೇನ್ ಜೆಟ್ (ಪೂರ್ತಿ ರೇಸಲ್ಲಿ ಪೆಟ್ರೋಲ್ ಬಿಡುವ ತೂತು, ನಂಬರ್ ಏರಿದಷ್ಟೂ ಪೆಟ್ರೋಲ್ ಜಾಸ್ತಿ) 200 ಇತ್ತು, 270 ಹಾಕಿದೆ.

ನಾಲ್ಕನೇ ಸಲ ಹೊರಗೆ ತೆಗೆದ ದಿನ, ಟಾಪ್ ಗೇರಲ್ಲಿ ಪೂರ್ತಿ ರೇಸ್ ಕೊಟ್ಟು ಹೋಗುತ್ತಿದ್ದೆ. ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗಾಯಿತು. ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಕೈ ತಾನಾಗೇ ಕ್ಲಚ್ ಹಿಡಿಯಿತು, ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಎಲ್ಲಿ ಬೀಳುತ್ತಿದ್ದೆನೋ. ಬಿಚ್ಚಿ ನೋಡಿದರೆ ಎಡಗಡೆ ಪಿಸ್ಟನ್, ಸೈಲೆನ್ಸರ್ ಕಡೆಯ ಮೈ ಪೂರ್ತಿ ಗೀಚಿ ಹೋಗಿದೆ. ಬಲಗಡೆಯದು ಹೊಸದರ ಹಾಗಿದೆ.

ಎರಡೂ ಸಿಲಿಂಡರ್ ಬೋರ್ ಮಾಡಿಸಿ (ಒಳಗೆ ಕೊರೆಸಿ ಅಗಲ ಮಾಡಿಸಿ) 64.50 ಎಂಎಂ ಪಿಸ್ಟನ್ ಹಾಕಿದೆ. ಜೆಟ್ 290ಕ್ಕೆ ಏರಿಸಿದೆ. ಭಯಕ್ಕೆ ಆಯಿಲ್ ಕೂಡ 32:1 (32 ಪಾಲು ಪೆಟ್ರೋಲಿಗೆ 1 ಪಾಲು) ಬಿಟ್ಟು 24:1 ಮಾಡಿದೆ. ಮೂರು ವಾರಕ್ಕೆ ಮತ್ತೆ ಅದೇ ಎಡಗಡೆ, ಅದೇ ಜಾಗ! ಇನ್ನೊಂದು ಸಣ್ಣ ವಿಷಯ, ಸಂಬಂಧ ಇದೆಯೋ ಇಲ್ಲವೋ. ರೇಸ್ ಬಿಟ್ಟ ಮೇಲೂ ಆರ್‌ಪಿಎಂ ತಕ್ಷಣ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ಕೂಗಿಕೊಂಡು ಆಮೇಲೆ ನಿಧಾನ ಇಳಿಯುತ್ತದೆ.

ಈಗ ನನ್ನ ಯೋಚನೆ, ಹೇಗೂ ಬಿಚ್ಚಿದ್ದೇನೆ, ದೊಡ್ಡ ಕಾರ್ಬೋರೇಟರ್ ಮತ್ತು 4 ಮಿಲ್ ಕ್ರ್ಯಾಂಕ್ (ಪಿಸ್ಟನ್ 4 ಎಂಎಂ ಜಾಸ್ತಿ ಓಡುವ ಹಾಗೆ ಮಾಡುವುದು) ಒಟ್ಟಿಗೇ ಹಾಕಿಬಿಡೋಣ ಅಂತ. ಏನಂತೀರಿ?

ರೀಡ್‌ವಾಲ್ವ್ ರಾಯರು:
ಗುರು, ಕೊನೆಗೆ "ಸಣ್ಣ ವಿಷಯ" ಅಂದಿರಲ್ಲ, ಉತ್ತರ ಅಲ್ಲೇ ಇದೆ. ರೇಸ್ ಬಿಟ್ಟರೂ ಎಂಜಿನ್ ಕೂಗುತ್ತಿದೆ ಅಂದರೆ ಕಾರ್ಬೋರೇಟರ್ ದಾಟದೆ ಬೇರೆ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ. ಟೂ ಸ್ಟ್ರೋಕಲ್ಲಿ ಕ್ರ್ಯಾಂಕ್‌ಕೇಸೇ ಗಾಳಿ ಪಂಪ್. ಪೆಟ್ರೋಲ್, ಗಾಳಿ, ಆಯಿಲ್ ಎಲ್ಲಾ ಅದರ ಮೂಲಕವೇ ಮೇಲೆ ಹೋಗಬೇಕು. ಅಲ್ಲೊಂದು ತೂತಿದ್ದರೆ ಜೆಟ್ 290 ಅಲ್ಲ, 350 ಹಾಕಿದರೂ ಆ ಸಿಲಿಂಡರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಓಡುತ್ತದೆ.

ಎಡಗಡೆಯೇ ಯಾಕೆ ಹೋಗುತ್ತಿದೆ ಅಂದರೆ, ಬ್ಯಾನ್ಶೀಯಲ್ಲಿ ಮ್ಯಾಗ್ನೆಟ್ ಇರುವುದು ಎಡಗಡೆ. ಅಲ್ಲಿನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಸುತ್ತ ಗಾಳಿ ತಡೆಯುವ ರಬ್ಬರ್) ಸೋತರೆ ಒಳಗೆ ಹೋಗುವುದು ಬರೀ ಗಾಳಿ. ಬಲಗಡೆ ಕ್ಲಚ್ ಇದೆ, ಆ ಸೀಲ್ ಸೋತರೆ ಗೇರ್ ಆಯಿಲ್ ಎಳೆದುಕೊಂಡು ಹೊಗೆ ಬಿಡುತ್ತದೆ, ಆಯಿಲ್ ಕಮ್ಮಿ ಆಗುತ್ತದೆ, ಹಾಗಾಗಿ ನಮಗೆ ಗೊತ್ತಾಗುತ್ತದೆ. ಎಡಗಡೆಯದು ಸದ್ದಿಲ್ಲದೆ ಪಿಸ್ಟನ್ ತಿನ್ನುತ್ತದೆ.

ಹೊಸ ಪಿಸ್ಟನ್ ಹಾಕಿ ಬ್ಲಾಕ್ ಕೂರಿಸಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲು, ಲೀಕ್‌ಡೌನ್ ಟೆಸ್ಟ್ ಮಾಡಿ. ಬ್ಲಾಕಲ್ಲಿ ಸೈಲೆನ್ಸರ್ ಕೂರುವ ಎರಡೂ ಬಾಯಿಗೆ ರಬ್ಬರ್ ಬಿರಡೆ, ಕಾರ್ಬೋರೇಟರ್ ತೆಗೆದು, ಅದು ಕೂರುವ ರಬ್ಬರ್ ಬೂಟ್ ಇದೆಯಲ್ಲ, ಒಂದು ಬೂಟ್‌ಗೆ ಬಿರಡೆ, ಇನ್ನೊಂದಕ್ಕೆ ಸಣ್ಣ ಗೇಜ್ ಇರುವ ಕೈಪಂಪ್. 6 ಪಿಎಸ್‌ಐ ತುಂಬಿಸಿ ಬಿಡಿ. ಅದಕ್ಕಿಂತ ಜಾಸ್ತಿ ಹೊಡೆಯಬೇಡಿ, ಚೆನ್ನಾಗಿರುವ ಸೀಲ್ ಕೂಡ ಎದ್ದು ಬರಬಹುದು. 6 ನಿಮಿಷ ಮುಳ್ಳು ಕದಲಬಾರದು. ನಿಮಿಷಕ್ಕೆ 1 ಪಿಎಸ್‌ಐ ಒಳಗೆ ಇಳಿದರೆ ನಡೆಯುತ್ತದೆ ಅನ್ನುವವರಿದ್ದಾರೆ, ನಾನು ಅಷ್ಟಕ್ಕೂ ಒಪ್ಪುವುದಿಲ್ಲ. ಇಳಿದರೆ ಸೋಪಿನ ನೀರು ಹೊಡೆದು ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ಎರಡು ಬೂಟ್ ನಡುವೆ ಸಣ್ಣ ರಬ್ಬರ್ ಕೊಳವೆ ಇದೆಯಲ್ಲ, ಅದನ್ನು ಬಗ್ಗಿಸಿ ನೋಡಿ, ಬಿರುಕು ಅಲ್ಲೇ ಅಡಗಿರುತ್ತದೆ. ರೇಡಿಯೇಟರ್ ಮುಚ್ಚಳ ತೆಗೆದಿಡಿ, ಒಳಗೆ ಗುಳ್ಳೆ ಎದ್ದರೆ ಗಾಳಿ ನೀರಿನ ದಾರಿಗೆ ಹೋಗುತ್ತಿದೆ ಅಂತ.

ಆಯಿಲ್ ವಿಷಯ. ಜೆಟ್ ಒಳಗೆ ಹೋಗುವ ಮಿಶ್ರಣ ಅಷ್ಟೇ. ಅದರಲ್ಲಿ ಆಯಿಲ್ ಜಾಸ್ತಿ ಆದರೆ ಪೆಟ್ರೋಲ್ ಕಮ್ಮಿ ಆಯಿತು ತಾನೇ? 24:1 ಮಾಡಿ ನೀವು ಗಾಡಿಯನ್ನು ಇನ್ನೊಂಚೂರು ಲೀನ್ ಮಾಡಿದ್ದೀರಿ. ತಪ್ಪು ಅನುಪಾತ ಅಂತಲ್ಲ, ಆಯಿಲ್ ಬದಲಿಸಿದರೆ ಜೆಟ್ ಮತ್ತೆ ನೋಡಬೇಕು.

ಡೋಮ್ 21ಸಿಸಿ:
ರಾಯರು ಹೇಳಿದ್ದು ಸರಿ, ಮೊದಲು ಟೆಸ್ಟ್. ಆದರೆ ಬರೀ ಸೀಲ್ ಮೇಲೆ ಹಾಕಬೇಡಿ ಸರ್, 4 ಡಿಗ್ರಿ ಪ್ಲೇಟೂ ಇದೆ. ಅಡ್ವಾನ್ಸ್ ಮಾಡಿದರೆ ಕೆಳಗಿನ ಪಿಕಪ್ ಚುರುಕಾಗುತ್ತದೆ ನಿಜ, ಆದರೆ ಶಾಖ ಪಿಸ್ಟನ್ ತಲೆಯಲ್ಲೇ ಉಳಿಯುತ್ತದೆ. ಮೇಲಿನ ಆರ್‌ಪಿಎಂಗೆ ಆ ಶಾಖ ಪೈಪಿಗೆ ಹೋಗಬೇಕು. ಪೈಪ್ ಬಿಸಿಯಾದಷ್ಟೂ ಅದರೊಳಗಿನ ಅಲೆ ಬೇಗ ಓಡುತ್ತದೆ. ಹಿಂದಿನ ಕೋನ್‌ಗೆ ಬಡಿದು ವಾಪಸ್ ಬಂದು, ಹೊರಗೆ ಸೋರಿದ ಪೆಟ್ರೋಲನ್ನು ಪೋರ್ಟ್ ಮುಚ್ಚುವ ಮೊದಲು ಒಳಗೆ ತಳ್ಳುವುದು ಆ ಅಲೆಯೇ. ಜೆಟ್ ಸರಿಯಾಗುವ ತನಕ ಪ್ಲೇಟನ್ನು ಸೊನ್ನೆಗೆ ತನ್ನಿ.

ಹೆಡ್ ಕೂರಿಸಿದ ಮೇಲೆ ಸ್ಕ್ವಿಶ್ (ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅಂಚಿನಲ್ಲಿ ಹೆಡ್‌ಗೂ ಅದಕ್ಕೂ ಉಳಿಯುವ ಸಂದು) ಅಳೆದಿದ್ದೀರಾ? 2 ಎಂಎಂ ಬೆಸುಗೆ ತಂತಿಯನ್ನು ಪ್ಲಗ್ ತೂತಿನಿಂದ ಬ್ಲಾಕ್ ಗೋಡೆಗೆ ತಾಗುವ ಹಾಗೆ ತೂರಿಸಿ, ಪಿಸ್ಟನ್ ಪಿನ್ ಇರುವ ದಿಕ್ಕಿನಲ್ಲೇ. ಎಂಜಿನ್ ಒಂದು ಸುತ್ತು ಕೈಯಲ್ಲಿ ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಕ್ಯಾಲಿಪರ್‌ನಲ್ಲಿ ನೋಡಿ. 1.0ರಿಂದ 1.3 ಎಂಎಂ ಬಂದರೆ ಖುಷಿ. ಸಂದು ಜಾಸ್ತಿ ಇದ್ದರೆ ಅಂಚಿನಲ್ಲಿ ಪೆಟ್ರೋಲ್ ಸುಮ್ನೆ ಕೂತು, ಕಿಡಿ ಬಂದ ಮೇಲೆ ತಾನಾಗೇ ಸಿಡಿಯುತ್ತದೆ. ನಿಮ್ಮ ಹಳೆ ಪಿಸ್ಟನ್ ಅಂಚು ಮರಳು ಬಡಿದ ಹಾಗೆ ಚುಕ್ಕೆ ಚುಕ್ಕೆ ಆಗಿದೆಯಾ? ಆಗಿದ್ದರೆ ಸಿಡಿತ. ಬರೀ ಸೈಲೆನ್ಸರ್ ಕಡೆ ಗೀಚಿದ್ದರೆ ಲೀನ್. ನಾಲ್ಕು ಮೂಲೆಯಲ್ಲೂ ಗೀಚಿದ್ದರೆ ಬಿಸಿ ಮಾಡದೆ ರೇಸ್ ಕೊಟ್ಟಿದ್ದೀರಿ, ಅಥವಾ ಬೋರ್ ಬಿಗಿ ಆಗಿದೆ.

ಎರಡು ಹೊಗೆ:
ಟಾರ್ಸ್ (ಥ್ರಾಟಲ್ ಸಿಕ್ಕಿಕೊಂಡರೆ ಎಂಜಿನ್ ತಾನಾಗೇ ತಡೆಯುವ ಕಂಪನಿ ವ್ಯವಸ್ಥೆ) ತೆಗೆದಿದ್ದೀರಾ? ನಂದು ತೆಗೆಯುವ ಮೊದಲು 3000 ಆರ್‌ಪಿಎಂ ದಾಟದೆ ಕೆಮ್ಮುತ್ತಿತ್ತು. ಎರಡು ವಾರ ಕಾರ್ಬೋರೇಟರ್ ತೊಳೆದೆ, ಕೊನೆಗೆ ನೋಡಿದರೆ ಪಾರ್ಕಿಂಗ್ ಬ್ರೇಕ್ ಸ್ವಿಚ್! ತೆಗೆದರೆ ಎಳೆಯುವ ಹಗ್ಗದ ಕಿಲ್ ಸ್ವಿಚ್ ಹಾಕಿ ಮಾರಾಯರೇ. ಥ್ರಾಟಲ್ ಸಿಕ್ಕಿಕೊಂಡರೆ ತಾನಾಗೇ ನಿಲ್ಲಿಸಲು ಬೇರೆ ಏನೂ ಉಳಿಯುವುದಿಲ್ಲ.

ಕೆಸರುಗಾಲಿ:
ಟೆಸ್ಟ್ ಮಾಡಿದೆ. 6ಕ್ಕೆ ತುಂಬಿಸಿ ಪಂಪ್ ಕೆಳಗಿಡುವಷ್ಟರಲ್ಲಿ 4. ಒಂದು ನಿಮಿಷಕ್ಕೆ 2. ಬೂಟ್, ಕೊಳವೆ, ಬ್ಲಾಕ್ ಬುಡ ಎಲ್ಲಾ ಕಡೆ ಸೋಪು ಹೊಡೆದೆ, ಒಂದು ಗುಳ್ಳೆ ಇಲ್ಲ. ರೇಡಿಯೇಟರ್ ಶಾಂತ. ಪುಲ್ಲರ್ ಹಾಕಿ ಮ್ಯಾಗ್ನೆಟ್ ಕಳಚಿ, ಹಿಂದಿನ ಪ್ಲೇಟೂ ಬಿಚ್ಚಿ ನೋಡಿದೆ. ಕ್ರ್ಯಾಂಕ್ ಸುತ್ತ ಹಾಲು ಉಕ್ಕಿದ ಹಾಗೆ ನೊರೆ. ಸೀಲಿನ ತುಟಿ ಉಗುರಲ್ಲಿ ಒತ್ತಿದರೆ ಬಗ್ಗುವುದಿಲ್ಲ, ಪ್ಲಾಸ್ಟಿಕ್ ಹಾಗಿದೆ. ಎರಡು ಸಲ ಬೋರ್ ಮಾಡಿಸಿದೆ, ಇಷ್ಟೇ ಇಷ್ಟು ರಬ್ಬರ್ ಬದಲಾಯಿಸಲಿಲ್ಲ. ನಗಬೇಡಿ.

ಪಿಸ್ಟನ್ ಅಂಚಿನಲ್ಲಿ ಚುಕ್ಕೆ ಇಲ್ಲ. ಸ್ಕ್ವಿಶ್ 1.5 ಬಂತು. ಟಾರ್ಸ್ ಇನ್ನೂ ಇದೆ. ಈಗ ಕೇಸ್ ಬಿಚ್ಚಲೇಬೇಕಾ? ಬಿಚ್ಚಿದರೆ 4 ಮಿಲ್ ಹಾಕಲಾ?

ರೀಡ್‌ವಾಲ್ವ್ ರಾಯರು:
ಬಿಚ್ಚಿ. ಎರಡು ಸಲ ಸೀಜ್ ಆಗಿದೆ, ಅಲ್ಯೂಮಿನಿಯಂ ಚೂರು ಬೇರಿಂಗ್ ಒಳಗೆ ಹೋಗಿರುತ್ತದೆ. ಸೀಲ್ ಎರಡೂ ಹೊಸದು ಹಾಕಿ, ಕನೆಕ್ಟಿಂಗ್ ರಾಡ್ ಮೇಲೆ ಕೆಳಗೆ ಎಳೆದು ನೋಡಿ. ಚೂರು ಆಟ ಇದ್ದರೂ ಕ್ರ್ಯಾಂಕ್ ರೀಬಿಲ್ಡ್.

4 ಮಿಲ್ ಅಂದರೆ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 54ರಿಂದ 58 ಎಂಎಂ. 64 ಬೋರಿನಲ್ಲಿ 347 ಸಿಸಿ ಹೋಗಿ 373 ಆಗುತ್ತದೆ. ಕೇಳಲು ಚೆಂದ. ಆದರೆ ಪಿಸ್ಟನ್ 2 ಎಂಎಂ ಮೇಲೆ ಬರುತ್ತದೆ, ಅಂದರೆ ಬ್ಲಾಕ್ ಕೆಳಗೆ ಸ್ಪೇಸರ್ ಅಥವಾ ಹೆಡ್ ಕಟಿಂಗ್. ಪೋರ್ಟ್ ಟೈಮಿಂಗ್ ಪೂರ್ತಿ ಬದಲಾಗುತ್ತದೆ, ಪೈಪ್ ಅದಕ್ಕೆ ಒಗ್ಗುತ್ತದೋ ಇಲ್ಲವೋ. ಒಂದೇ ಸಲ ಕ್ರ್ಯಾಂಕ್, ಕಾರ್ಬೋರೇಟರ್, ಜೆಟ್ ಬದಲಾಯಿಸಿದರೆ ಮುಂದಿನ ಸಲ ಏನಾದರೂ ಆದಾಗ ಯಾವುದನ್ನು ಹಿಡಿಯುತ್ತೀರಿ? ಒಂದು ಸೀಸನ್ ಈ ಕ್ರ್ಯಾಂಕ್ ಮೇಲೇ ಓಡಿಸಿ. 300 ಜೆಟ್ ಹಾಕಿ ಶುರು ಮಾಡಿ. ಹೊಸ ಪ್ಲಗ್ ಹಾಕಿ ಪೂರ್ತಿ ರೇಸಲ್ಲಿ ಎಳೆದು, ಕಿಲ್ ಸ್ವಿಚ್ ಮತ್ತು ಕ್ಲಚ್ ಒಟ್ಟಿಗೇ ಒತ್ತಿ, ಹಾಗೇ ತೇಲಿ ನಿಲ್ಲಿಸಿ, ಪ್ಲಗ್ ನೋಡಿಕೊಂಡು ಒಂದೊಂದೇ ಸೈಜ್ ಇಳಿಸುತ್ತಾ ಬನ್ನಿ.

ಡೋಮ್ 21ಸಿಸಿ:
1.5 ಇದ್ದರೆ ಹೆಡ್ ಸ್ವಲ್ಪ ಕಟ್ ಮಾಡಿಸಿ 1.2ಕ್ಕೆ ತನ್ನಿ. ಆಮೇಲೆ ಕಂಪ್ರೆಷನ್ ನೋಡದೆ ಓಡಿಸಬೇಡಿ, ಮಾಮೂಲಿ ಪೆಟ್ರೋಲಿಗೆ 150 ಪಿಎಸ್‌ಐ ದಾಟಿಸಬೇಡಿ. ದೊಡ್ಡ ಕಾರ್ಬೋರೇಟರ್ ಆಸೆ ಸದ್ಯಕ್ಕೆ ಬಿಡಿ, 26ರಲ್ಲಿ ಈ ಪೈಪಿಗೆ ಏನೂ ಕಮ್ಮಿ ಆಗುವುದಿಲ್ಲ.

ಕೆಸರುಗಾಲಿ:
ಸರಿ, ಕ್ರ್ಯಾಂಕ್ ಹಳೆಯದೇ, ಪ್ಲೇಟ್ ಸೊನ್ನೆಗೆ, ಆಯಿಲ್ ವಾಪಸ್ 32:1. ಸೀಲ್ ಬಂದ ಮೇಲೆ ಮೊದಲು ಪಂಪ್ ಹಾಕಿ 6 ನಿಮಿಷ ಕಾದು, ಗೇಜ್ ಫೋಟೋ ಇಲ್ಲೇ ಹಾಕುತ್ತೇನೆ. ಅಲ್ಲಿ ತನಕ ಕಿಕ್ ಮುಟ್ಟುವುದಿಲ್ಲ.