ಎಂಟೂ ದೀಪ ಹತ್ತುತ್ತವೆ, ಆದರೂ ಪ್ರೆಸ್‌ನ ಲ್ಯಾನ್ ಯಾಕೆ ಇಷ್ಟು ನಿಧಾನ?

ಪ್ರಶ್ನೆ (ಗದಗ): ನಮಸ್ಕಾರ ಸರ್. ನಮ್ಮದು ಆಫ್‌ಸೆಟ್ ಪ್ರಿಂಟಿಂಗ್ ಪ್ರೆಸ್. ಮುಂದಿನ ರೂಮಿನಲ್ಲಿ ಡಿಸೈನ್ ಕಂಪ್ಯೂಟರ್‌ಗಳಿವೆ. ಮಷಿನ್ ಹಾಲ್ ದಾಟಿ ಹಿಂದೆ ಪ್ಲೇಟ್ ತೆಗೆಯುವ ಕಂಪ್ಯೂಟರ್. ನಡುವೆ ಸುಮಾರು 45 ಮೀಟರ್ ಲ್ಯಾನ್ ಕೇಬಲ್. ಕ್ಯಾಲೆಂಡರ್ ಸೀಸನ್ ಶುರುವಾಗಿದೆ, ಒಂದೊಂದು ಫೈಲ್ 800 ಎಂಬಿ ಇರುತ್ತೆ. ಬೆಳಗ್ಗೆ ಬೇಗ ಕಳಿಸಿದರೆ ಒಂದು ನಿಮಿಷ ಚಿಲ್ಲರೆ ಸಾಕು. ಮಷಿನ್ ಓಡುವಾಗ ಹತ್ತು ನಿಮಿಷ, ಕೆಲವು ಸಲ ಅರ್ಧಕ್ಕೇ ನಿಂತು ಎರರ್. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಟೆಸ್ಟರ್ ಹಚ್ಚಿ ತೋರಿಸಿದ, ಎಂಟೂ ದೀಪ ಹತ್ತಿದವು. ಹೊಸ ನೆಟ್‌ವರ್ಕ್ ಸ್ವಿಚ್ (ಲ್ಯಾನ್ ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆ) ತಗೋಬೇಕಾ?

ಉತ್ತರ (ಹುಬ್ಬಳ್ಳಿ, ನೆಟ್‌ವರ್ಕ್ ಕೆಲಸ): ಸದ್ಯಕ್ಕೆ ಏನೂ ತಗೋಬೇಡ್ರಿ. ಇಂಟರ್ನೆಟ್ ಕಂಪನಿಯವರನ್ನೂ ಬಿಟ್ಟುಬಿಡಿ ಪಾಪ, ಈ ಫೈಲ್ ನಿಮ್ಮ ಗೋಡೆ ದಾಟಿ ಹೊರಗೆ ಹೋಗೋದೇ ಇಲ್ಲ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್) ಲಿಂಕ್‌ನಲ್ಲಿ ಸೆಕೆಂಡಿಗೆ 11-12 ಎಂಬಿಗಿಂತ ಜಾಸ್ತಿ ಹೋಗಲ್ಲ, ಅಂದರೆ 800 ಎಂಬಿಗೆ ಸುಮಾರು 70 ಸೆಕೆಂಡ್. ನಿಮ್ಮ ಬೆಳಗಿನ ಲೆಕ್ಕ ಇದೇ ಅಲ್ವಾ? ಗಿಗಾಬಿಟ್ (1000 ಎಂಬಿಪಿಎಸ್) ಲಿಂಕ್, ಒಳ್ಳೆಯ ಡಿಸ್ಕ್ ಇದ್ದರೆ ಹತ್ತು ಸೆಕೆಂಡಿನೊಳಗೆ ಮುಗಿಯಬೇಕು. ಹಾಗಾಗಿ ನಿಮಗೆ ಎರಡು ತೊಂದರೆ ಇರಬಹುದು. ಲಿಂಕ್ 100ಕ್ಕೆ ಇಳಿದಿದೆ, ಅದು ಒಂದು. ಮಷಿನ್ ಓಡುವಾಗ ಪ್ಯಾಕೆಟ್ (ಫೈಲ್ ಕಳಿಸುವಾಗ ಆಗುವ ಸಣ್ಣ ಸಣ್ಣ ತುಂಡು) ಕಳೆದುಹೋಗುತ್ತಿವೆ, ಕಳೆದದ್ದನ್ನು ಮತ್ತೆ ಮತ್ತೆ ಕಳಿಸುವುದರಲ್ಲೇ ಹೊತ್ತು ಹೋಗುತ್ತಿದೆ, ಅದು ಇನ್ನೊಂದು. ಎರಡನ್ನೂ ಬೇರೆ ಬೇರೆ ನೋಡೋಣ.

ಮೊದಲು ಹಿಂದಿನ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಈಥರ್‌ನೆಟ್ ತೆರೆಯಿರಿ, ಲಿಂಕ್ ಸ್ಪೀಡ್ ಎಷ್ಟಿದೆ ಬರೆದುಕೊಳ್ಳಿ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಿಂದ ಮುಂದಿನ ಕಂಪ್ಯೂಟರ್‌ಗೆ ಪಿಂಗ್ (ಒಂದು ಪ್ಯಾಕೆಟ್ ಕಳಿಸಿ ಉತ್ತರ ಬರುತ್ತಾ ನೋಡುವ ಕಮಾಂಡ್) ಹಚ್ಚಿ, ಮಷಿನ್ ಬಂದ್ ಇದ್ದಾಗ ಒಮ್ಮೆ, ಓಡುವಾಗ ಒಮ್ಮೆ. ಸುಮ್ನೆ ಪಿಂಗ್ ಮಾಡಿದರೆ 32 ಬೈಟ್‌ನ ಪುಟಾಣಿ ಪ್ಯಾಕೆಟ್ ಹೋಗುತ್ತೆ, ಅದು ಕೆಟ್ಟ ಕೇಬಲ್‌ನಲ್ಲೂ ಎಷ್ಟೋ ಸಲ ದಾಟಿಬಿಡುತ್ತೆ. ಪಿಂಗ್ ಕಮಾಂಡ್‌ಗೆ ಮೈನಸ್ ಎಲ್ ಅಂತ ಹಾಕಿ 1400 ಕೊಡಿ (-l 1400), ಆಗ 1400 ಬೈಟ್‌ನ ಪ್ಯಾಕೆಟ್ ಹೋಗುತ್ತೆ. ಪ್ಯಾಕೆಟ್ ದೊಡ್ಡದಾದಷ್ಟೂ ಪೆಟ್ಟು ಬೀಳುವುದು ಜಾಸ್ತಿ, ರೋಗ ಬೇಗ ಕಾಣುತ್ತೆ. ಪಿಂಗ್‌ಗೆ ಉತ್ತರವೇ ಬರದಿದ್ದರೆ ಅದು ವಿಂಡೋಸ್ ಫೈರ್‌ವಾಲ್ ಇರಬಹುದು, ಆಗ ರೂಟರ್‌ಗೇ ಪಿಂಗ್ ಮಾಡಿ.

ಇನ್ನೊಂದು ಕೆಲಸ. ಕೇಬಲ್‌ನ ಎರಡೂ ತುದಿಯ ಕನೆಕ್ಟರ್ ಬೆಳಕಿಗೆ ಹಿಡಿದು, ಕ್ಲಿಪ್ ಕೆಳಗೆ ಬರುವ ಹಾಗೆ, ಎಡದಿಂದ ಬಲಕ್ಕೆ ಬಣ್ಣಗಳನ್ನು ಬರೆದು ಕಳಿಸಿ.

ಪ್ರಶ್ನೆ ಕೇಳಿದವರು: ಲಿಂಕ್ ಸ್ಪೀಡ್ 100/100 ಅಂತಿದೆ. ಪಿಂಗ್ ಮಷಿನ್ ಬಂದ್ ಇದ್ದಾಗ ಒಂದೋ ಎರಡೋ ತಪ್ಪುತ್ತೆ, ಓಡುವಾಗ ರಿಕ್ವೆಸ್ಟ್ ಟೈಮ್ಡ್ ಔಟ್ ಸಾಲಾಗಿ ಬರುತ್ತೆ. ಬಣ್ಣ ಎರಡೂ ಕಡೆ ಒಂದೇ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು.

ಉತ್ತರ: ಸಿಕ್ಕಿತು ನೋಡ್ರಿ! ಎಲೆಕ್ಟ್ರಿಷಿಯನ್‌ಗಳು "ಎರಡೂ ಕಡೆ ಒಂದೇ ಇದ್ದರೆ ಸಾಕು" ಅಂತ ಹೇಳುವುದು ಇದನ್ನೇ. ಸಾಲು ನೋಡೋಕೆ ಚೆಂದ, ಕೆಲಸಕ್ಕೆ ಬರಲ್ಲ.

ಕೇಬಲ್ ಒಳಗೆ ಎರಡೆರಡು ತಂತಿ ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ಆ ಹೊಸೆತದಿಂದಲೇ ಹೊರಗಿನ ಗದ್ದಲ ಎರಡೂ ತಂತಿಗೆ ಸಮವಾಗಿ ಬಿದ್ದು ವಜಾ ಆಗುತ್ತೆ. ಕನೆಕ್ಟರ್‌ನ ಜಾಗಗಳನ್ನು ನೀವು ಬರೆದ ಹಾಗೇ ಎಡದಿಂದ ಎಣಿಸಿದರೆ, ಈಥರ್‌ನೆಟ್‌ನಲ್ಲಿ 1-2 ಒಂದು ಜೋಡಿ, 7-8 ಒಂದು, 4-5 ಒಂದು. ಉಳಿದ ಜೋಡಿ 3 ಮತ್ತು 6, ಪಕ್ಕಪಕ್ಕ ಇರಲ್ಲ. ನಿಮ್ಮಲ್ಲಿ 3ರಲ್ಲಿ ಬಿಳಿ-ಹಸಿರು ಇದೆ, 6ರಲ್ಲಿ ನೀಲಿ ಇದೆ. ಅವೆರಡೂ ಬೇರೆ ಬೇರೆ ಜೋಡಿಯ ತಂತಿ, ಒಂದಕ್ಕೊಂದು ಹೊಸೆದೇ ಇಲ್ಲ. ಎರಡು ಮೀಟರ್ ಕೇಬಲ್ ಆದರೆ ಹೇಗೋ ನಡೆದುಬಿಡುತ್ತೆ. 45 ಮೀಟರ್‌ಗೆ, ಅದೂ ಮಷಿನ್ ಹಾಲ್ ಒಳಗೆ, ತಡೆಯಲ್ಲ.

ಟೆಸ್ಟರ್ ನೋಡುವುದು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯಾ ಅಂತ ಮಾತ್ರ. ಯಾರ ಜೊತೆ ಯಾರು ಹೊಸೆದಿದ್ದಾರೆ ಅನ್ನೋದು ಅದಕ್ಕೆ ಗೊತ್ತಾಗಲ್ಲ, ಅದಕ್ಕೇ ಎಂಟೂ ಹತ್ತಿದವು.

ಎರಡೂ ಕಡೆ ಕನೆಕ್ಟರ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿಸಿ (ಇಕ್ಕಳದಿಂದ ಒತ್ತಿ ಕೂರಿಸುವುದು). ಹಸಿರು, ನೀಲಿ ಜಾಗ ಬದಲಾಯಿಸಿದರೆ ಸಾಕು: ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು. ಉಳಿದದ್ದು ಇದ್ದ ಹಾಗೇ. ಹೊಸೆತ ಬಿಚ್ಚುವುದು ಅರ್ಧ ಇಂಚಿಗಿಂತ ಜಾಸ್ತಿ ಬೇಡ. ಕತ್ತರಿಸಿದ ತುಂಡಿನ ತಂತಿಯನ್ನು ಬ್ಲೇಡ್‌ನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅಂಥ ಕೇಬಲ್‌ಗೆ ಕ್ರಿಂಪ್ ಮಾಡೋದೂ ದಂಡ, ಪೂರ್ತಿ ಬದಲಾಯಿಸಿ.

ಬ್ಯಾಡಗಿಯಿಂದ ಒಬ್ಬರು: ಸರ್, ನಮ್ಮ ಮೆಣಸಿನಕಾಯಿ ಅಂಗಡಿಯಲ್ಲಿ ಆಯುಧ ಪೂಜೆಗೆ ಎಲ್ಲ ಒರೆಸಿ ಜೋಡಿಸಿದ ಮೇಲೆ ಒಂದು ಕಂಪ್ಯೂಟರ್‌ನಲ್ಲೂ ನೆಟ್ ಇಲ್ಲ. ಸ್ವಿಚ್ ದೀಪಗಳು ಮಾತ್ರ ಎಲ್ಲವೂ ಒಟ್ಟಿಗೇ ಬಡಬಡ ಮಿಣುಕುತ್ತಿವೆ.

ಉತ್ತರ: ಒಂದೇ ಕೇಬಲ್‌ನ ಎರಡೂ ತುದಿ ಅದೇ ಸ್ವಿಚ್‌ಗೆ ಹೋಗಿದೆಯಾ ನೋಡಿ. ಸಾದಾ ಸ್ವಿಚ್‌ಗೆ ಅದನ್ನು ತಡೆಯೋಕೆ ಬರಲ್ಲ, ಒಳಗೊಳಗೇ ಸುತ್ತಿ ಸುತ್ತಿ ಎಲ್ಲವನ್ನೂ ಮುಚ್ಚಿಬಿಡುತ್ತೆ. ಒಂದೊಂದೇ ಕೇಬಲ್ ಕೀಳುತ್ತಾ ಹೋಗಿ, ಯಾವುದು ಕಿತ್ತಾಗ ದೀಪ ಶಾಂತವಾಯಿತೋ ಅದೇ. ಹಬ್ಬದ ಮಾರನೇ ದಿನ ನಮಗೆ ಇದೇ ಫೋನ್ ಜಾಸ್ತಿ.

ಧಾರವಾಡದಿಂದ ಒಬ್ಬರು: ನಮ್ಮ ಮನೆಯಲ್ಲಿ ಮಳೆ ಹಿಡಿದರೆ ಮೇಲಿನ ಮಹಡಿಗೆ ಲ್ಯಾನ್ ಬರಲ್ಲ. ಬಿಸಿಲು ಬಿದ್ದರೆ ತಾನೇ ಸರಿಹೋಗುತ್ತೆ. ಕೇಬಲ್ ಟೆರೇಸ್ ಮೇಲಿಂದ ಬಂದಿದೆ.

ಉತ್ತರ: ಒಳಗಿನ ಕೇಬಲ್ ಹೊರಗೆ ಹಾಕಿದ್ದಾರೆ ಅನಿಸುತ್ತೆ. ಬಿಸಿಲಿಗೆ ಸಿಪ್ಪೆ ಸೀಳುತ್ತೆ, ನೀರು ಒಳಗೆ ಇಳಿಯುತ್ತೆ. ಹೊರಗಡೆಗೆ ಅಂತಲೇ ಬರುವ ಕಪ್ಪು ಕೇಬಲ್ ಹಾಕಿಸಿ. ಮನೆಯೊಳಗೆ ನುಗ್ಗುವ ಮೊದಲು ಕೆಳಗೆ ಒಂದು ಬಾಗು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಪ್ರಶ್ನೆ ಕೇಳಿದವರು (ಗದಗ): ಸರ್, ಕ್ರಿಂಪ್ ಮಾಡಿಸಿದೆವು. ತಂತಿ ತಾಮ್ರವೇ. ಈಗ 1000/1000 ತೋರಿಸುತ್ತೆ, ಫೈಲ್ ಕಣ್ಮುಚ್ಚಿ ತೆಗೆಯೋದರಲ್ಲಿ ಹೋಗುತ್ತೆ. ಆದರೆ ದೊಡ್ಡ ಮಷಿನ್ ಶುರು ಮಾಡುವ ಹೊತ್ತಿಗೆ ಇನ್ನೂ ಒಮ್ಮೊಮ್ಮೆ ಪಿಂಗ್ ತಪ್ಪುತ್ತೆ.

ಉತ್ತರ: ಲ್ಯಾನ್ ಕೇಬಲ್, ಮಷಿನ್‌ನ ತ್ರೀ ಫೇಸ್ ವೈರ್ ಎರಡೂ ಒಂದೇ ಪೈಪ್‌ನಲ್ಲಿವೆಯಾ? ಇದ್ದರೆ ಮೊದಲು ಬೇರೆ ಮಾಡಿಸಿ. ನೆಟ್ ಮಾತು ಬಿಡಿ, ಹಾಗೆ ಜೊತೆಗೆ ಎಳೆಯುವುದು ಜೀವಕ್ಕೇ ಅಪಾಯ, ಆ ಕೆಲಸ ಮೇನ್ ಸ್ವಿಚ್ ಆಫ್ ಮಾಡಿಯೇ ಆಗಲಿ. ಹೊಸ ಪೈಪ್ ಕರೆಂಟ್ ವೈರ್‌ನಿಂದ ದೂರದ ಗೋಡೆ ಹಿಡಿದು ಹೋಗಲಿ, ದಾಟಲೇಬೇಕಾದ ಕಡೆ ಅಡ್ಡಕ್ಕೆ ನೇರವಾಗಿ ದಾಟಲಿ, ಪಕ್ಕಪಕ್ಕ ಓಡೋದು ಬೇಡ. ಅಷ್ಟು ಜಾಗ ಇಲ್ಲ ಅಂದರೆ ಆ ಭಾಗಕ್ಕೆ ಮಾತ್ರ ಫೈಬರ್ (ಗಾಜಿನ ಎಳೆಯ ಕೇಬಲ್) ಹಾಕಿ ಎರಡೂ ತುದಿಗೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲ್ಲನ್ನು ಬೆಳಕಾಗಿ, ಬೆಳಕನ್ನು ಸಿಗ್ನಲ್ ಆಗಿ ಬದಲಿಸುವ ಡಬ್ಬಿ) ಕೊಟ್ಟುಬಿಡಿ. ಗಾಜಿಗೆ ಮೋಟರ್‌ನ ಗದ್ದಲ ತಟ್ಟಲ್ಲ. ಪೈಪ್ ಯಾವ ದಾರಿಯಲ್ಲಿ ಹೋಗಿದೆ ಅಂತ ಒಂದು ಫೋಟೊ ಹಾಕಿ, ನೋಡಿ ಹೇಳ್ತೀನಿ.