ಪೆಲೆಟ್ ಅಭಾವ: ಹಳೇ ಸ್ಟಾಕಿಗೆ ಹೊಸ ರೇಟು ಸರೀನಾ?

ಹತ್ತುಮೀಟರ್: ಬೆಂಗಳೂರಲ್ಲಿ ಏರ್ ರೈಫಲ್‌ನ .177 (ಇಂಚಿನ ಅಳತೆ) ಮ್ಯಾಚ್ ಪೆಲೆಟ್, ಅಂದ್ರೆ ಪಂದ್ಯಕ್ಕೆ ಬಳಸೋ ಸೀಸದ ಗುಂಡು, ಸಿಗ್ತಿಲ್ಲ. ಕಾಯಂ ಹೋಗೋ ಅಂಗಡೀಲಿ 4.49 ಎಂಎಂ ಹೆಡ್‌ಸೈಜಿನ (ಪೆಲೆಟ್ಟಿನ ತಲೆಯ ಅಗಲ) 500 ಪೆಲೆಟ್ಟಿನ ಡಬ್ಬಿ ಇದೆ, ಆದ್ರೆ 1,100ರ ಎಂಆರ್‌ಪಿ ಮುಚ್ಚೋ ಹಾಗೆ 1,500ರ ಚೀಟಿ ಅಂಟಿಸಿದಾರೆ. ‘ಮುಂದಿನ ಮಾಲು ದುಬಾರಿ ಸಾರ್’ ಅಂತಾರೆ. ದಿನಕ್ಕೆ 100 ಶಾಟು, ತಿಂಗಳಿಗೆ 25 ದಿನ ಪ್ರಾಕ್ಟೀಸು. ತಗೊಂಡು ಇಟ್ಕೊಳ್ಳೋದಾ, ಅಂಗಡಿ ಬದಲಾಯಿಸೋದಾ?

ತೂಕದಕಲ್ಲು: ಚೀಟಿ ಅಂಟಿಸಿದ್ದೇ ತಪ್ಪು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದಲ್ಲಿ ಎಂಆರ್‌ಪಿ ದಾಟಿ ಮಾರೋ ಹಾಗಿಲ್ಲ, ಅದನ್ನ ಅಳಿಸೋ ಮುಚ್ಚೋ ಹಾಗೂ ಇಲ್ಲ. ಬೆಲೆ ಇಳಿಸೋಕೆ ಮಾತ್ರ ಚೀಟಿ ಹಚ್ಚಬಹುದು, ಆಗಲೂ ಹಳೇ ಬೆಲೆ ಕಾಣ್ತಿರಬೇಕು. ಇಂಪೋರ್ಟರ್ ಹೆಸರು, ವಿಳಾಸ ಇರೋ ಲೇಬಲ್ಲಿನ ಫೋಟೊ, ಬಿಲ್ಲು ಎರಡೂ ಇಟ್ಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ ಕೊಡಲ್ಲ ಅಂದ್ರೆ ಅಲ್ಲೇ ಗೊತ್ತಾಯ್ತಲ್ಲ. ಆದ್ರೆ ಇಷ್ಟು ದಿನ 950ಕ್ಕೆ ಕೊಡ್ತಿದ್ದೋರು ಈಗ 1,100 ಕೇಳಿದ್ರೆ ಜಗಳ ಆಡಬೇಡಿ, ಹೋಗಿರೋದು ಡಿಸ್ಕೌಂಟು ಅಷ್ಟೇ.

ಗಲ್ಲಾಪೆಟ್ಟಿಗೆ: ಅಂಗಡಿಯವನ ಲೆಕ್ಕಾನೂ ನೋಡಿ. 900ರಂತೆ ತಂದ 40 ಡಬ್ಬಿ 1,100ಕ್ಕೆ ಮಾರಿದ್ರೆ ಕೈಗೆ 44,000. ಮುಂದಿನ ಲಾಟು ಡಬ್ಬಿಗೆ 1,150 ಬಿದ್ರೆ ಆ ದುಡ್ಡಿಗೆ 38 ಡಬ್ಬಿ ಬರುತ್ತೆ. ಬಾಡಿಗೆ, ಜಿಎಸ್‌ಟಿ ಇನ್ನೂ ಕಟ್ಟೇ ಇಲ್ಲ. ಲಾಭ ಅಂದ್ಕೊಂಡಿದ್ದು ಬಂಡವಾಳವೇ ಕರಗಿದ್ದು. ಅದಕ್ಕೆ ಮದ್ದು ಚೀಟಿ ಅಲ್ಲ, ರೇಷನ್: ಕಾಯಂ ಗಿರಾಕಿಗೆ ತಿಂಗಳಿಗೆ ಎರಡು ಡಬ್ಬಿ, ಮುಂದಿನ ಲಾಟಿಗೆ ಅರ್ಧ ಅಡ್ವಾನ್ಸ್ ತಗೊಂಡು ಬುಕಿಂಗು. 2020-21ರಲ್ಲಿ ಅಮೆರಿಕದಲ್ಲಿ 9 ಎಂಎಂ ಗುಂಡು 20 ಸೆಂಟಿನ ಆಸುಪಾಸಿಂದ 70 ಸೆಂಟ್ ದಾಟಿದಾಗ ಎಷ್ಟೋ ಅಂಗಡಿಯೋರು ತಲೆಗೆ ಒಂದೆರಡು ಪೆಟ್ಟಿಗೆ ಅಂತ ಮಿತಿ ಹಾಕಿದ್ದು ಇದಕ್ಕೇ. ಇಲ್ಲಾಂದ್ರೆ ಮರುಮಾರಾಟದೋರು ಬಾಚ್ಕೊಂಡು ಹೋಗ್ತಾರೆ, ಕಾಯಂ ಗಿರಾಕಿ ಬರಿಗೈಲಿ ವಾಪಸ್. ಅವನು ಆಮೇಲೆ ಮಾಲು ಬಂದ್ರೂ ಆ ಕಡೆ ತಲೆ ಹಾಕಲ್ಲ.

ಹತ್ತುಪಾಯಿಂಟ್‌ಒಂಬತ್ತು: ನಿಮ್ಮ ಲೆಕ್ಕ 2,500 ಶಾಟು, ಅಂದ್ರೆ ಐದು ಡಬ್ಬಿ. ಐದೂ ಮ್ಯಾಚ್ ಪೆಲೆಟ್ ಯಾಕೆ? ಹೋಲ್ಡು (ರೈಫಲ್ ಅಲುಗದ ಹಾಗೆ ಹಿಡಿಯೋದು), ಟ್ರಿಗರ್ ತಿದ್ದೋಕೆ ಪೆಲೆಟ್ ಹಾಕದೆ ಟ್ರಿಗರ್ ಒತ್ತೋ ಡ್ರೈ ಫೈರ್ ಸಾಕು, ಉಳಿದಿದ್ದಕ್ಕೆ ಪ್ರಾಕ್ಟೀಸ್ ಗ್ರೇಡು. ಪಂದ್ಯಕ್ಕೆ 60 ಶಾಟು, ಮೇಲೆ ಸೈಟರ್‌ಗಳು (ಅಂಕಕ್ಕೆ ಸೇರದ ಪರೀಕ್ಷೆಯ ಶಾಟು). ಒಂದೇ ಲಾಟಿನ (ಒಟ್ಟಿಗೆ ತಯಾರಾದ) ಎರಡು ಡಬ್ಬಿ ಮುಟ್ಟದೆ ಇಟ್ಟರೆ ನಾಲ್ಕೈದು ಪಂದ್ಯ ಆರಾಮಾಗಿ ಕಳೆಯುತ್ತೆ.

ಹೆದರಿ ಸಿಕ್ಕಿದ್ದೆಲ್ಲ ಕೊಳ್ಳಬೇಡಿ. 4.49 ಅಂತ ಬರೆದಿದ್ರೂ ಲಾಟು ಬದಲಾದ್ರೆ ಗ್ರೂಪ್, ಅಂದ್ರೆ ಗುರಿ ಮೇಲೆ ತೂತುಗಳು ಎಷ್ಟು ಹತ್ತಿರ ಬೀಳ್ತವೆ ಅನ್ನೋದು, ಬದಲಾಗಬಹುದು. ಮೊದಲು ಒಂದೇ ಡಬ್ಬಿ ತಗೊಂಡು, ರೈಫಲ್‌ನ ವೈಸಿಗೆ (ಬಿಗಿಯಾಗಿ ಹಿಡಿಯೋ ಇಕ್ಕಳ) ಕಟ್ಟಿ, ಹತ್ತತ್ತು ಶಾಟಿನ ಮೂರು ಗ್ರೂಪ್ ಹೊಡೆದು ನೋಡಿ. ಮಳೆಗಾಲದಲ್ಲಿ ಸೀಸದ ಮೇಲೆ ಬಿಳಿ ಪುಡಿ ಕೂರುತ್ತೆ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ. ಅಂಗಡೀಲಿ ಅಂಚು ನೆಗ್ಗಿದ ಡಬ್ಬಿ ಕೊಟ್ರೆ ತಗೋಬೇಡಿ. ಬಿದ್ದ ಡಬ್ಬಿಯೊಳಗೆ ಪೆಲೆಟ್ಟಿನ ಸ್ಕರ್ಟ್ (ಹಿಂಬದಿಯ ತೆಳು ಅಂಚು) ಸೊಟ್ಟಗಾಗಿರಬಹುದು.